ಸೊಂಟದ ಮುರಿತಕ್ಕೆ ಮಾತ್ರ

ಮಳಗಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೇಲರ್ ಬಡಿದು ನನ್ನ ಗಂಡ ಬೈಕಿನಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. ನಾನು ಮುಂಡಗೋಡಿನಲ್ಲಿ ಕಾಲೇಜು ಉಪನ್ಯಾಸಕಿ. ಕಾಲೇಜು ಮಾಡಿಸಿದ ಆರೋಗ್ಯ ವಿಮೆಯಲ್ಲಿ ಅವರ ಹೆಸರೂ ಇತ್ತು. ಹುಬ್ಬಳ್ಳಿಯಲ್ಲಿ ಮಾಡಿಸಿದ ಆಪರೇಷನ್ನಿಗೆ, ಒಳಗೆ ಕೂಡಿಸಿದ ಪ್ಲೇಟಿಗೆ ವಿಮೆಯವರು ತಕರಾರಿಲ್ಲದೆ ಒಪ್ಪಿದರು.

ಗಂಡ ನಡೆದಾಡುವಂತಾದ ಮೇಲೆ, ಸರಿಹೋಗದೆ ಉಳಿದದ್ದು ಇನ್ನೊಂದಿದೆ ಎಂದು ತಿಳಿಯಿತು. ಕೆಲವು ತಿಂಗಳು ಇಬ್ಬರೂ ಅದನ್ನು ದಣಿವು ಎಂದೆವು. ಕೊನೆಗೆ ಡಾಕ್ಟರಿಗೆ ಹೇಳಿದವಳು ನಾನು. ಮೂಳೆ ಮುರಿದಾಗ ನರಕ್ಕೂ ಪೆಟ್ಟಾಗಿದೆ, ನಿಮಿರುವಿಕೆಗೆ ದಿನಾ ಒಂದು ಗುಳಿಗೆ ಬೇಕು, ಬಿಡದೆ ತೆಗೆದುಕೊಂಡರೆ ಸುಧಾರಿಸಬಹುದು ಎಂದರು. ‘ನರಕ್ಕೆ ಪೆಟ್ಟು’ ಎಂಬ ಮಾತು ಇವರಿಗೆ ಸಮಾಧಾನ ಕೊಟ್ಟಿತು. ಬಸ್ಸಿನಲ್ಲಿ ಬಹಳ ದಿನಗಳ ಮೇಲೆ ನನಗೆ ತೋಳು ತಾಗಿಸಿ ಕೂತರು. ಅಂದು ರಾತ್ರಿಯಿಂದಲೇ ಗುಳಿಗೆ ಶುರುಮಾಡಿದರು.

ಗುಳಿಗೆಗೂ ವಿಮೆ ಕೇಳೋಣ ಎಂದವರು ಅವರೇ. ಕೊಳ್ಳಲು ಆಗದ್ದಕ್ಕಲ್ಲ. ಇದೂ ಆ ಅಪಘಾತದ್ದೇ ಗಾಯ ಎಂದು ಹೊರಗಿನವರೊಬ್ಬರು ಒಪ್ಪಬೇಕಿತ್ತು.

ಸಹಾಯವಾಣಿಯ ಹುಡುಗಿ ರೋಗಿಯೇ ಮಾತಾಡಬೇಕೆಂದಳು. ಫೋನು ಸ್ಪೀಕರಿನಲ್ಲಿತ್ತು.

"ಸೊಂಟದ್ದು ಕೊಟ್ಟು ಮುಗದೈತ್ರಿ ಅಣ್ಣಾರ. ಈ ಗುಳಗಿ ಬರೂದಿಲ್ರಿ. ಸುಖದ ಔಷಧ ಅಂತ ತೋರಸ್ತೈತಿ."

"ಟ್ರೇಲರ್ ನನ್ನ ಸುಖಕ್ಕ ಬಂದು ಹಾಯ್ತೇನವಾ ತಂಗಿ?"

ಆಕೆ ನಕ್ಕುಬಿಟ್ಟಳು. ಸಾವರಿಸಿಕೊಂಡು, "ನಾ ಏನ್ ಮಾಡ್ಲಿರಿ, ಕಂಪ್ಯೂಟರಿನ್ಯಾಗ ಹಂಗ ಐತ್ರಿ," ಎಂದಳು. ಡಾಕ್ಟರ ಚೀಟಿ ಕಳಿಸಿದೆವು. ಮೇಲಿನವರದೂ ಅದೇ ಉತ್ತರ.

"ಅದು ಅವರ ನಿಯಮ ಅಷ್ಟರಿ," ಎಂದೆ. "ಪೆಟ್ಟು ಬಿದ್ದಿದ್ದು ಸುಳ್ಳಲ್ಲ. ಗುಳಗಿ ನಾವ ರೊಕ್ಕ ಕೊಟ್ಟು ತಗೊಳ್ಳೂಣು."

"ಮೂಳಿಗೆ ಹೌದಂದವ್ರು ಇದಕ್ಕ ಅಲ್ಲಂದ್ರು. ಇನ್ನ ಯಾರಿಗೆ ಪೆಟ್ಟಂತ ಹೇಳ್ಲಿ?" ನನ್ನ ಕಡೆ ತಿರುಗಿ ಕೇಳಿದರು: "ನಿನ್ನ ಸುಖಕ್ಕ ನುಂಗ್ಲೇನು? ಹೇಳು, ನುಂಗ್ತೇನಿ."

ಹೌದು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಮರುದಿನದಿಂದ ಗುಳಿಗೆ ಬಿಟ್ಟರು. ಮತ್ತೆ ಆ ಮಾತು ಎತ್ತಿದಾಗಲೆಲ್ಲ ಅಂಗಳಕ್ಕೆ ಎದ್ದು ಹೋಗುತ್ತಿದ್ದರು. ನಾನೂ ಎತ್ತುವುದನ್ನು ಬಿಟ್ಟೆ.

ಕಳೆದ ತಿಂಗಳು ಎಕ್ಸರೇಗೆ ಹೋದೆವು. ಮೂಳೆ ಚೆನ್ನಾಗಿ ಕೂಡಿತ್ತು.

"ಗುಳಗಿ ತಗೋಳಾಕತ್ತೀರಿಲ್ಲೋ?" ಡಾಕ್ಟರು ಕೇಳಿದರು.

"ಹೂನ್ರಿ. ಎಲ್ಲಾ ಚಲೋ ಆಗೈತ್ರಿ," ಎಂದರು ನನ್ನ ಗಂಡ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರಿಗೆ ಖುಷಿಯಾಯಿತು. ಹಾಗಾದರೆ ಇನ್ನು ಬರುವ ಕಾರಣವಿಲ್ಲ ಎಂದು, ಹೊರಗೆ ಕಾಯುತ್ತಿದ್ದವರನ್ನು ಒಳಗೆ ಕರೆದರು.