ಲೇಡೀಸ್ ಬೋಗಿಯಲ್ಲಿ ನನ್ನ ಸೆಮಿನಾರ್

ಹೋದ ತಿಂಗಳು ನನ್ನ ಮೊಣಕಾಲು ನಡುಗಿತು. ಅರವತ್ತೊಂದು ವರ್ಷದವಳಿಗೆ ಅದರಲ್ಲೇನು ವಿಶೇಷ ಅಂತೀರಾ? ಇದು ಆರ್ಥ್ರೈಟಿಸ್ ಅಲ್ಲ ಸ್ವಾಮಿ, ಸೆಮಿನಾರ್!

ನಾನು ಈ ವರ್ಷ ಮೈಸೂರಿನಲ್ಲಿ ಹಿಸ್ಟರಿ ಎಂ.ಎ.ಗೆ ಸೇರಿದ್ದನ್ನು ನಿಮಗೆ ಹೇಳಿರಲಿಲ್ಲ. ಬೇಕೆಂದೇ ಮುಚ್ಚಿಟ್ಟಿದ್ದೆ. (ಅರ್ಧಕ್ಕೆ ಬಿಟ್ಟು ಬಂದರೆ ಯಾರಿಗೂ ಗೊತ್ತಾಗಬಾರದಲ್ಲ!) ನಲವತ್ತು ವರ್ಷದ ಹಿಂದೆ, ಬಿ.ಎ. ಮುಗಿಸಿದಾಗಲೇ ನನಗೆ ಎಂ.ಎ. ಸೀಟು ಸಿಕ್ಕಿತ್ತು. ಅದೇ ವಾರ ಗಂಡೂ ಸಿಕ್ಕಿತು. ಅಪ್ಪನಿಗೆ ಯಾವುದು ಅರ್ಜೆಂಟ್ ಅನ್ನಿಸಿತೆಂದು ಬಿಡಿಸಿ ಹೇಳಬೇಕೆ? ಮದುವೆಯಾಗಿ ಪಾಂಡವಪುರಕ್ಕೆ ಬಂದೆ. ಮಕ್ಕಳ ಹೋಂವರ್ಕ್ ಮಾಡಿಸಿದೆ, ಆಮೇಲೆ ಮೊಮ್ಮಕ್ಕಳದು. ಒಂದು ದಿನ ಅನ್ನಿಸಿತು, ನನ್ನ ಹೋಂವರ್ಕ್ ಹಾಗೇ ಉಳಿದುಬಿಟ್ಟಿದೆಯಲ್ಲ?

ಸೇರಿದ್ದೇನೋ ಸೇರಿದೆ. ಆದರೆ ಕ್ಲಾಸಿನಲ್ಲಿ ನಾಲಿಗೆಯೇ ಏಳಲಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಒಂದೇ. ಕೇಳುವವರೆಗೂ ಮಾತಾಡಬಾರದು. ಇಲ್ಲೋ, ಯಾರೂ ಯಾರನ್ನೂ ಕೇಳುವುದೇ ಇಲ್ಲ! ಕಿಕ್ಕೇರಿಯ ಹುಡುಗನೊಬ್ಬ ಹಿಂದಿನ ಬೆಂಚಿನಿಂದ "ಸಾರ್, ಅದಂಗಲ್ಲ ಸಾರ್" ಎಂದು ಎದ್ದರೆ, ಪಕ್ಕದವನು "ಅದು ಅಂಗೇ ಕಣ್ಲಾ, ಕೂತ್ಕೊ" ಎಂದು ಜಗ್ಗುತ್ತಾನೆ. ಮೇಷ್ಟ್ರು ನಗುತ್ತಾರೆ. ನಾನು ಮಾತ್ರ ಎರಡು ತಿಂಗಳು ನೀಟಾಗಿ ನೋಟ್ಸ್ ಬರೆದುಕೊಂಡು, ತುಟಿ ಹೊಲಿದುಕೊಂಡು ಕೂತಿದ್ದೆ.

ಅಷ್ಟರಲ್ಲಿ ಸೆಮಿನಾರ್ ಬಂತು. ನನ್ನ ವಿಷಯ, ಹಳೇ ಮೈಸೂರಿನ ನೀರಾವರಿ. ಇಂಗ್ಲಿಷಿನಲ್ಲಿ ಹನ್ನೆರಡು ಫುಲ್‌ಸ್ಕೇಪ್ ಹಾಳೆ ಬರೆದೆ. (ಎಂ.ಎ. ಅಂದರೆ ಇಂಗ್ಲಿಷೇ ಎಂದು ನನಗೆ ಯಾರು ಹೇಳಿದ್ದರೋ!) ಎದ್ದು ನಿಂತೆ. "ಗುಡ್ ಮಾರ್ನಿಂಗ್" ಅಂದೆ. ಮುಂದಿನ ಮಾತು ಹೊರಡಲೇ ಇಲ್ಲ. ನನ್ನ ಮಗಳಿಗಿಂತ ಚಿಕ್ಕವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಾಲು ನಡುಗಿ ಕೂತುಬಿಟ್ಟೆ.

"ಪರವಾಗಿಲ್ಲಮ್ಮ, ಮುಂದಿನ ಗುರುವಾರ ಇನ್ನೊಂದು ಸಲ ಪ್ರಯತ್ನ ಮಾಡಿ" ಎಂದರು ಮೇಷ್ಟ್ರು. ಬೈದಿದ್ದರೇ ವಾಸಿಯಿತ್ತು. ಗುರುವಾರವೂ ಬಾಯಿ ಕೈಕೊಟ್ಟರೆ ಶುಕ್ರವಾರದಿಂದ ಮನೆಯಲ್ಲೇ ಎಂದು ನಿರ್ಧರಿಸಿಕೊಂಡೆ.

ಗುರುವಾರ ಬೆಳಗಿನ ಪ್ಯಾಸೆಂಜರ್ ಗಾಡಿ. ನನ್ನ ಜೊತೆ ದಿನಾ ಪಾಂಡವಪುರದಲ್ಲಿ ಹತ್ತುವ ಕ್ಲಾಸ್‌ಮೇಟ್ ರತ್ನ ನನ್ನ ಮುಖ ನೋಡಿದಳು.

"ಆಂಟಿ, ಇಲ್ಲೇ ಒಂದ್ಸಲ ಓದ್ಬುಡಿ."

"ಲೇಡೀಸ್ ಬೋಗಿಯಲ್ಲಾ? ಎಲ್ಲರ ಮುಂದೆ?"

"ಕ್ಲಾಸಲ್ಲೇನ್ ಖಾಲಿ ಗೋಡೆ ಮುಂದೆ ಓದ್ತೀರಾ?"

ಓದಿದೆ. ಎರಡು ಹಾಳೆ ಮುಗಿದಿರಬೇಕು. ಎದುರಿಗೆ ಸೊಪ್ಪಿನ ಕುಕ್ಕೆಯನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂತಿದ್ದ ನಿಂಗಮ್ಮ ಕೈ ಎತ್ತಿದಳು. ದಿನಾ ಮೈಸೂರಿಗೆ ಸೊಪ್ಪು ಮಾರಲು ಹೋಗುವವಳು.

"ಯಾರ ಮದ್ವೆ ಮಂತ್ರ ಅಮ್ಮಾವ್ರೇ ಇದು?"

ಬೋಗಿಗೆ ಬೋಗಿಯೇ ನಕ್ಕಿತು.

"ಕೇಳಾಕೇನೋ ಚೆಂದಾಗದೆ. ಒಸಿ ತಿಳಿಯಂಗೆ ಯೋಳಿ."

ಹಾಳೆ ಮಡಿಚಿ ಕನ್ನಡದಲ್ಲಿ ಹೇಳತೊಡಗಿದೆ. ಹಿಂದೆ ಇಲ್ಲೆಲ್ಲ ಬರೀ ರಾಗಿ ಬೆಳೆಯುತ್ತಿದ್ದರು, ನಾಲೆ ತೋಡಿದರು, ನೀರು ಕೊನೆಯ ಗದ್ದೆಯವರೆಗೂ ಹರಿಯಿತು, ಬಯಲೆಲ್ಲ ಹಸಿರಾಯಿತು...

ನಿಂಗಮ್ಮ ಎದ್ದೇ ನಿಂತಳು. "ಏನಂದ್ರಿ? ಕೊನೇ ಗದ್ದೆ ಗಂಟ ನೀರು ಬಂತಾ? ಯಾವನವ್ವ ಅಂಗೆ ಬರ್ದೋನು? ನಮ್ಮದೇ ಕೊನೇ ಗದ್ದೆ. ಮೇಲ್ಗದ್ದೇರು ಕಬ್ಬಿಗೆ ಕುಡಿಸ್ಕೊಂಡು ಮಿಕ್ಕುದ್ರೆ ನಮ್ಗೆ. ನಮ್ಮತ್ತೆ ನಾಟಿ ಮಾಡ್ಬೇಕಾದ್ರೆ ಮೇಲ್ಗದ್ದೇರ ಮನೆ ಬಾಗ್ಲಲ್ಲಿ ನಿಂತ್ಕತಿದ್ಲು. ಈಗ ನಾನು ನಿಂತ್ಕತೀನಿ."

"ಹಾಗಲ್ಲ ನಿಂಗಮ್ಮ, ರೆಕಾರ್ಡ್ಸ್ ಇವೆ!" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಆ ರೆಕಾಡು ಬರ್ದೋನು ಯಾವ ಗದ್ದೇಲಿ ನಿಂತ್ಕಂಡು ಬರ್ದ? ಕೇಳಿದ್ರಾ?"

ಕೇಳಿರಲಿಲ್ಲ. ನೀವಾದರೂ ಕೇಳಿದ್ದೀರಾ? (ನಮ್ಮ ಕ್ಲಾಸಿನಲ್ಲೂ ಯಾರೂ ಕೇಳಿರಲಿಲ್ಲ.)

ಶ್ರೀರಂಗಪಟ್ಟಣದಲ್ಲಿ ಗಾಡಿ ನಿಂತಾಗ ಬಟ್ಟೆ ಹೊಲಿಯುವ ಜಮೀಲಾಬಿ ಹತ್ತಿದರು. "ಕ್ಯಾ ಜಗಳ? ಸೀಟಿಗಾ?"

"ಅಲ್ಲ ಜಮೀಲಕ್ಕ, ನಾಲೆ ನೀರಿಗೆ" ಎಂದಳು ರತ್ನ.

"ಹಾಂ, ಅದಕ್ಕಾದ್ರೆ ಮಾಡಿ" ಎಂದು ಅವರು ಆರಾಮಾಗಿ ಕೂತರು.

ಮೈಸೂರು ಬರುವಷ್ಟರಲ್ಲಿ ನನ್ನ ಇಂಗ್ಲಿಷ್ ಹಾಳೆಗಳ ಹಿಂಬದಿಯೆಲ್ಲ ತುಂಬಿತ್ತು. ನೀರಿನ ಸರದಿ ಯಾರಿಗೆ ಮೊದಲು, ಯಾರು ಯಾರ ಹತ್ತಿರ ಬೇಡಬೇಕು, ನೀರು ಬರದ ವರ್ಷ ಏನು ಬಿತ್ತುತ್ತಾರೆ. ರೈಲಿನ ಸದ್ದಿಗಿಂತ ಎತ್ತರದಲ್ಲಿ ಕೂಗಾಡಿ ಗಂಟಲು ಕಟ್ಟಿತ್ತು.

ಕ್ಲಾಸಿನಲ್ಲಿ ಎದ್ದು ನಿಂತೆ. ಹಾಳೆಗಳ ಹಿಂಬದಿ ತಿರುಗಿಸಿದೆ. ಕನ್ನಡದಲ್ಲೇ ಶುರುಮಾಡಿದೆ. "ನಾಲೆಯ ಚರಿತ್ರೆಯನ್ನು ಎಲ್ಲರೂ ಅಣೆಕಟ್ಟಿನಿಂದ ಶುರುಮಾಡುತ್ತಾರೆ. ನಾನು ಕೊನೆಯ ಗದ್ದೆಯಿಂದ ಶುರುಮಾಡುತ್ತೇನೆ."

ಹತ್ತು ನಿಮಿಷಕ್ಕೆಲ್ಲ ಕಿಕ್ಕೇರಿಯ ಹುಡುಗ ಎದ್ದ. "ಆಂಟಿ, ಅದಂಗಲ್ಲ, ನಮ್ಮೂರಲ್ಲಿ..."

"ಕೂತ್ಕೊಳ್ಳಪ್ಪಾ, ನಾನಿನ್ನೂ ಮುಗಿಸಿಲ್ಲ!"

ಇದನ್ನು ಹೇಳಿದವಳು ನಾನು! ಬೆಂಚು ಕುಟ್ಟಿ ಚಪ್ಪಾಳೆ ಹೊಡೆದರು. ಆ ಹುಡುಗನೂ ಹೊಡೆದ. ಆಮೇಲೆ ಅವನ ಜೊತೆ ಕಾಲು ಗಂಟೆ ವಾದ ಮಾಡಿದೆ. ಗೆದ್ದೆ ಕೂಡ.

ಮೇಷ್ಟ್ರು ಕನ್ನಡಕ ತೆಗೆದರು. "ಇದಕ್ಕೆ ಸೋರ್ಸ್ ಯಾವುದಮ್ಮ?"

"ಬೆಳಗಿನ ಪ್ಯಾಸೆಂಜರ್ ಗಾಡಿ ಸರ್, ಲೇಡೀಸ್ ಬೋಗಿ. ಸೊಪ್ಪಿನ ನಿಂಗಮ್ಮ."

ಅವರು ನಗಲಿಲ್ಲ. "ಫುಟ್‌ನೋಟ್‌ನಲ್ಲಿ ಹೆಸರು ಹಾಕಿ. ಊರನ್ನೂ ಹಾಕಿ" ಎಂದರು. ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಕೊಟ್ಟರು. ನಲವತ್ತು ವರ್ಷ ತಡವಾಗಿ ಬಂದವಳಿಗೆ, ಯೋಚಿಸಿ! ಸೀಟು ಬಿಟ್ಟು ಮದುವೆಯಾದ ಆ ಇಪ್ಪತ್ತೊಂದರ ಹುಡುಗಿ ಪಕ್ಕದಲ್ಲಿದ್ದಿದ್ದರೆ ತೋರಿಸುತ್ತಿದ್ದೆ.

ಶುಕ್ರವಾರ ನಾನು ಮನೆಯಲ್ಲಿರಲಿಲ್ಲ, ರೈಲಿನಲ್ಲಿದ್ದೆ. ನಿಂಗಮ್ಮನಿಗೆ ಎಲ್ಲ ವರದಿ ಒಪ್ಪಿಸಿದೆ. ಅವಳ ಹೆಸರು ಬರೆದಿರುವುದನ್ನೂ ಹೇಳಿದೆ. ಅವಳಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಾ ಕೇಳಿದಳು.

"ನಿಮ್ ಮೇಷ್ಟ್ರುದು ಎಲ್ಲವ್ವ ಗದ್ದೆ?"

"ಅವರಿಗೆಲ್ಲಿ ಗದ್ದೆ ನಿಂಗಮ್ಮ? ಮೈಸೂರಿನಲ್ಲೇ ಹುಟ್ಟಿ ಬೆಳೆದವರು."

"ಅಯ್ಯೋ ಪಾಪ! ಅವ್ರುನ್ನೂ ಒಂದ್ವಾರ ಈ ಗಾಡೀಗೆ ಕಳ್ಸಿ, ಕಲ್ತ್ಕತಾರೆ."