ಮೊಣಕೈಗೊಂದು ಗಾದಿ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಯೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ರೆಕ್ಸಿನ್ನಿಗೆ ಅಂಟಿನ ಸೊಲ್ಯೂಷನ್ ಬಳಿಯುತ್ತಿದ್ದರು. ಮೂಗಿನ ತುದಿಗೆ ಚುರ್ ಎನ್ನುವ, ತಲೆಯನ್ನು ಒಂಚೂರು ಹಗುರ ಮಾಡುವ ಆ ವಾಸನೆ ಬಂದದ್ದೇ ತಡ, ನನ್ನ ಎಡಗೈ ತಾನಾಗಿಯೇ ಮಡಚಿಕೊಂಡಿತು, ಯಾರೋ ಅದನ್ನು ಹಿಡಿದು ನೋಡಲು ಬರುತ್ತಿದ್ದಾರೆ ಅನ್ನುವ ಹಾಗೆ. ಇಪ್ಪತ್ತು ವರ್ಷ ಆಗಿರಬೇಕು... ಕಿತ್ತೂರಿನ ಗಾದಿ ಕಾಕಾ ನೆನಪಾದರು.

ಕಾಕಾ ನಮಗೆ ಸಂಬಂಧಿಕರೇನಲ್ಲ. ಊರೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಹಿಂದೆ ಮನೆಮನೆಗೆ ಹೋಗಿ ಗಾದಿ ಹೊಲಿದುಕೊಡುತ್ತಿದ್ದವರು, ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಾದ ಮೇಲೆ ಕಿತ್ತೂರಿನ ರಸ್ತೆ ಬದಿಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಗಾಡಿ ಸೀಟಿನ ಕೆಲಸಕ್ಕೆ ಕುಳಿತಿದ್ದರು. ಅರಳೆ ಒಯ್ಯಲು ಬೈಲಹೊಂಗಲದ ನಮ್ಮ ಅಂಗಡಿಗೆ ಬರುತ್ತಿದ್ದರಂತೆ. ನಾನು ಅವರನ್ನು ಸರಿಯಾಗಿ ನೋಡಿದ್ದು ಮಾತ್ರ ನನ್ನ ಕೆಂಪು ಕಾರಿನ ದೆಸೆಯಿಂದ.

ಆ ಕಾರಿನ ಕತೆಯನ್ನು ಮೊದಲು ಹೇಳಿಬಿಡಬೇಕು. ಎರಡು ಸಾವಿರದ ಎರಡೋ ಮೂರೋ. ನಾನು ಇನ್ನೂ ಮೂವತ್ತು ಮುಟ್ಟಿರಲಿಲ್ಲ. ನಮ್ಮದು ಹತ್ತಿ ವ್ಯಾಪಾರ. ಅಪ್ಪ ಬೇಗ ಹೋದದ್ದರಿಂದ ಅಂಗಡಿ, ಮನೆ, ನಾನು, ಮೂರನ್ನೂ ಅಣ್ಣನೇ ಸಾಕಿದರು. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅವರೆದುರು ನಾನು ಕಾಲ ಮೇಲೆ ಕಾಲು ಹಾಕಿ ಕುಳಿತವನಲ್ಲ, ತಿರುಗಿ ಮಾತಾಡಿದವನಂತೂ ಅಲ್ಲವೇ ಅಲ್ಲ. ಅಂಥವನು ಗೋವಾದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡು ತಂದೆ. ಎರಡೇ ಸೀಟು, ಫೈಬರಿನ ಮೈ, ನೆಲಕ್ಕೆ ಗೇಣು ದೂರ. ಹತ್ತಿ ನೋಡಲು ಕಟಕೋಳಕ್ಕೆ ಹೋದಾಗ ಒಬ್ಬ ರೈತ ಅದರ ಸುತ್ತ ಎರಡು ಸುತ್ತು ಬಂದು, "ಸಾವಕಾರ್ರ, ಇದು ಹೊಟ್ಟಿ ಮ್ಯಾಲ ಹರದಾಡತೈತೇನ್ರಿ?" ಎಂದು ಕೇಳಿದ್ದ. ಅಣ್ಣ ಕಾರಿಗೆ ಅಡ್ಡಿ ಮಾಡಲಿಲ್ಲ. ಕಟಕೋಳ, ರಾಮದುರ್ಗದ ಕಡೆಯ ಖರೀದಿಯನ್ನು ಆ ಸುಗ್ಗಿಯಿಂದ ನನಗೇ ಒಪ್ಪಿಸುವ ವಿಚಾರ ಅವರಿಗಿತ್ತು.

ತೊಂದರೆ ಇದ್ದದ್ದು ಕಾರಿನಲ್ಲಲ್ಲ, ನನ್ನ ಎಡಗೈಯಲ್ಲಿ. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದೆ. ಗೆಳೆಯನ ಮದುವೆಗೆ ಪ್ಲಾಸ್ಟರ್ ಹಾಕಿಕೊಂಡು ಹೋಗುವುದೇ ಎಂದು ಹದಿನೈದು ದಿನ ಮೊದಲೇ ಬಿಚ್ಚಿಸಿದ ಶಹಾಣೆ ನಾನು. ಕೈ ಸೊಟ್ಟಗೆ ಕೂಡಿತು. ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ತಾಸು ಗೇರ್ ಹಾಕಿದರೆ ಭುಜದಿಂದ ಬೆರಳಿನವರೆಗೆ ಉರಿ, ಆಮೇಲೆ ಜೋಮು. ಇದನ್ನು ಯಾರಿಗೂ ಹೇಳಿರಲಿಲ್ಲ. ಸವದತ್ತಿ ಗುಡ್ಡದ ಏರಿನಲ್ಲಿ ಒಂದು ದಿನ ಅಣ್ಣ ಪಕ್ಕದಲ್ಲಿದ್ದಾಗಲೇ ಕೈ ಕೊಟ್ಟಿತು. ಗೇರು ಬೀಳಲಿಲ್ಲ, ಕಾರು ಹಿಂದಕ್ಕೆ ಸರಿಯತೊಡಗಿತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದವರು ಅಣ್ಣ. ಅಲ್ಲಿ ಬೈಯಲಿಲ್ಲ, ಮನೆಗೆ ಬಂದು ಹೇಳಿದರು: "ಈ ಗಾಡಿ ನಿನ್ನ ಕೈಗಿ ಆಗೂದಿಲ್ಲ. ಅಮಾಸಿ ಮುಗೀಲಿ, ಮಾರಿಬಿಡೂಣು. ರಾಮದುರ್ಗಕ್ಕ ಗುಮಾಸ್ತನ್ನ ಕಳಸತೇನಿ."

ಅಂದರೆ ನಾನು ಅಂಗಡಿಯಲ್ಲಿ ಕುಳಿತು ಬಂದವರಿಗೆ ಚಹಾ ಹೇಳಬೇಕು. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು.

ಬೆಳಗಾವಿಗೆ ಹೋಗಿ ರೆಡಿಮೇಡ್ ಆರ್ಮ್‌ರೆಸ್ಟ್ ಒಂದನ್ನು ತಂದೆ. ಎರಡು ಸೀಟಿನ ನಡುವೆ ಕೂರಿಸಿ ಮೊಣಕೈ ಊರಿದರೆ ಗೇರ್ ಹಾಕುವಾಗ ಭುಜಕ್ಕೆ ಭಾರ ಬೀಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಇಟ್ಟು ನೋಡಿದರೆ ಮೊಣಕೈ ಕಿವಿಯ ಹತ್ತಿರ ಬಂತು! ಮೇಲಾಗಿ ಅದರ ಕೆಳಗೆ ಸಿಕ್ಕಿಕೊಂಡ ಹ್ಯಾಂಡ್ ಬ್ರೇಕ್ ಏಳುವುದೇ ಇಲ್ಲ. ನಮ್ಮೂರಿನ ಮೆಕ್ಯಾನಿಕ್ ಡ್ರಿಲ್ ಹಿಡಿದು ಬಂದವರು, ಫೈಬರ್ ಸೀಳಿದರೆ ನನ್ನನ್ನು ಕೇಳಬೇಡಿ ಅಂದರು. ಆಮೇಲೆ ಅವರೇ ಕಿತ್ತೂರಿಗೆ, ಗಾದಿ ಕಾಕಾನ ಹತ್ತಿರ ಹೋಗಲು ಹೇಳಿದರು.

ಕಾಕಾ ನನ್ನ ಆರ್ಮ್‌ರೆಸ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಮುಚ್ಚಳ ತೆರೆದು ಒಳಗೆ ಇಣುಕಿದರು. ಇದರಲ್ಲಿ ಏನು ಇಡುತ್ತಾರೆ ಎಂದು ಕೇಳಿದರು. ಮೊಬೈಲು, ಕ್ಯಾಸೆಟ್ಟು ಅಂದೆ. "ಹಂಗಾರ ಇದು ಪೆಟಗಿ ಆತು. ಪೆಟಗಿ ಮ್ಯಾಲ ಕೈ ಇಟಗೊಂಡ ಗಾಡಿ ಹೊಡಿಬೇಕೇನ್ರಿ ಸಾವಕಾರ್ರ?" ಎಂದು ಅದನ್ನು ಬದಿಗಿಟ್ಟರು. ಆಮೇಲೆ ನನ್ನನ್ನೇ ನೋಡತೊಡಗಿದರು. ಸಂತೆಯಲ್ಲಿ ಎತ್ತು ನೋಡುವವರು ನೋಡುವ ಹಾಗೆ, ಅವಸರವಿಲ್ಲದೆ. ಆರ್ಮ್‌ರೆಸ್ಟ್ ಯಾಕೆ ಬೇಕು ಅಂದರು. ಫ್ಯಾಷನ್ನಿಗೆ ಅಂದೆ.

ಅವರು ಒಳಗೆ ಕೂಗಿ ಹಿಟ್ಟು ಕೇಳಿದರು. ನನಗೆ ತಿಳಿಯಲಿಲ್ಲ. ಚಪ್ಪರದ ಹಿಂದೆಯೇ ಅವರ ಮನೆ. ಕಾಕಾನ ಹೆಂಡತಿ ಕಾಕೂ ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟಿನ ದೊಡ್ಡ ಮುದ್ದೆಯನ್ನು ತಂದಿಟ್ಟು, "ನಮ್ಮ ಮನ್ಯಾಗಿನ ಹಿಟ್ಟು ಹೊಟ್ಟಿಗಿಂತ ಗಾಡಿಗಿ ಜಾಸ್ತಿ ಹೋಗತೈತಿ ನೋಡ್ರಿ" ಎಂದು ಗೊಣಗುತ್ತ ಹೋದರು. ಕಾಕಾ ಆ ಮುದ್ದೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹಲಗೆಯ ತುಂಡಿನ ಮೇಲೆ ತಟ್ಟಿ, ನನ್ನ ಎರಡು ಸೀಟಿನ ನಡುವೆ ಇಟ್ಟರು. ದೇಗಾಂವದ ಗುಡಿಯ ತನಕ ಹೋಗಿ ಬನ್ನಿ, ಕೈ ಎಲ್ಲಿ ಕೂರುತ್ತದೋ ಅಲ್ಲಿ ಕೂರಲಿ ಅಂದರು. ಅವರು ಟೇಪು ಹಿಡಿದು ಅಳೆದದ್ದನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ಹೋಗಿ ಬಂದೆ. ಹೋಗುವಾಗ ಹೊಲದವರು ನೋಡಿದರು, ಗುಡಿಯ ಮುಂದಿನವರು ನೋಡಿದರು. ಸ್ಪೋರ್ಟ್ಸ್ ಕಾರು ಹೊಡೆಯುವವನ ಕೈ ಹೇಗಿರಬೇಕೋ ಹಾಗೆ ಗತ್ತಿನಿಂದ ಮುಂದಕ್ಕೆ ಚಾಚಿ ಇಟ್ಟಿದ್ದೆ. ಕಾಕಾ ಹಿಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಿಮ್ಮ ಕೈ ಅಲ್ರಿ. ಫೋಟೋದಾಗ ಇಡೂ ಕೈ ಇಟ್ಟೀರಿ" ಅಂದರು. ನನಗೆ ಸಿಟ್ಟು ಬಂತು. ಬಂದದ್ದು ನಿಜ ಹೇಳಿದ್ದಕ್ಕೇ.

ಎರಡನೇ ಸಲ ಅವರೇ ಪಕ್ಕದಲ್ಲಿ ಕುಳಿತರು. ಕಾರಿನ ಬಗ್ಗೆ ಒಂದು ಮಾತಿಲ್ಲ. ಹತ್ತಿಯದ್ದೇ ಮಾತು. ಯಾವ ಊರಿನ ಹತ್ತಿ ಎಳೆ ಉದ್ದ, ಹಸಿ ಅರಳೆಯನ್ನು ಮೂಗಿನಲ್ಲೇ ಗುರುತಿಸುವುದು ಹೇಗೆ, ಹಳೆ ಗಾದಿಯ ಅರಳೆ ಬಡಿದರೆ ಮತ್ತೆ ಯಾಕೆ ಉಬ್ಬುತ್ತದೆ. ನನ್ನ ಕಸುಬಿನ ಮಾತು ಬಂದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ದೇಗಾಂವಕ್ಕೆ ಹೋದದ್ದು, ತಿರುಗಿದ್ದು ಗೊತ್ತಾಗಲಿಲ್ಲ. ಅವರ ಕಣ್ಣು ಮಾತ್ರ ಹಿಟ್ಟಿನ ಮೇಲಿತ್ತು ಅನ್ನಿಸುತ್ತದೆ.

ಈ ಸಲದ ಅಚ್ಚು ಬೇರೆಯೇ ಇತ್ತು. ಮೊದಲಿನದಕ್ಕಿಂತ ನಾಲ್ಕು ಬೆರಳು ಹಿಂದೆ, ಹೊರಗಿನ ಅಂಚಿಗೆ ಆಳವಾಗಿ, ಒಳಗಿನ ಬದಿಗೆ ಬರೀ ನೆರಳಿನಷ್ಟು. ಕಾಕಾ ಅದರ ಗುಂಡಿಯಲ್ಲಿ ಹೆಬ್ಬೆರಳು ಇಟ್ಟು ಮೆಲ್ಲಗೆ ಕೇಳಿದರು: "ಈ ಕೈ ಮುರದಿತ್ತೇನೋ ತಮ್ಮಾ?"

ಅಲ್ಲಿಯವರೆಗೆ ಸಾವಕಾರನಾಗಿದ್ದವನು ಒಮ್ಮೆಗೇ ತಮ್ಮನಾಗಿಬಿಟ್ಟೆ. ಎರಡು ವರ್ಷ ಅಡಗಿಸಿಟ್ಟದ್ದನ್ನು ರೊಟ್ಟಿ ಹಿಟ್ಟು ಹೇಳಿಬಿಟ್ಟಿತ್ತು. ಪ್ಲಾಸ್ಟರ್ ಬಿಚ್ಚಿಸಿದ್ದು, ಸವದತ್ತಿಯ ಏರು, ಅಣ್ಣನ ಮಾತು, ಅಮಾವಾಸ್ಯೆ, ಎಲ್ಲ ಹೇಳಿದೆ. ಕಾಕಾ ಅಯ್ಯೋ ಪಾಪ ಅನ್ನಲಿಲ್ಲ. ನನ್ನ ತೋಳನ್ನು ಮಡಚಿ, ಬಿಡಿಸಿ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಿದರು. ಹೆಗಲಿಗೆ ಹುಣ್ಣಾದ ಎತ್ತಿಗೆ ನೊಗದ ಕೆಳಗೆ ಅರಳೆ ಕಟ್ಟಿಕೊಡುತ್ತಿದ್ದ ತಮ್ಮ ಅಪ್ಪನ ಸುದ್ದಿ ಹೇಳಿದರು. ಹುಣ್ಣಿನ ಮೇಲೆ ಮೆತ್ತಗೆ ಹಾಕುವುದಲ್ಲವಂತೆ, ಅದರ ಸುತ್ತ ಗಟ್ಟಿಯಾಗಿ ತುಂಬಬೇಕಂತೆ. ಆಗ ಭಾರ ಹುಣ್ಣಿನ ಮೇಲೆ ಬೀಳುವುದಿಲ್ಲ.

ನನ್ನ ಮೊಣಕೈಗೂ ಹಾಗೆಯೇ ಮಾಡಿದರು. ಬೇವಿನ ಹಲಗೆಯ ತಳ, ಅದರ ಮೇಲೆ ನಮ್ಮ ಅಂಗಡಿಯ ಅರಳೆಯನ್ನೇ ಬಡಿದು ಬಡಿದು ಕೂರಿಸಿದ್ದು. ಫೋಮ್ ಮುಟ್ಟಲಿಲ್ಲ. "ಫೋಮ್ ಎಲ್ಲಾರಿಗೂ ಹೂಂ ಅಂತೈತಿ" ಎಂದು ಅದನ್ನು ಕಂಡರೆ ಮೂಗು ಮುರಿಯುತ್ತಿದ್ದರು. ನೋವಿರುವ ಕಡೆ ಸಣ್ಣ ತಗ್ಗು ಬಿಟ್ಟರು. ಫೈಬರಿಗೆ ಒಂದು ತೂತೂ ಹಾಕದೆ, ಸೀಟಿನ ನಡುವಿನ ಪೆಟ್ಟಿಗೆಗೆ ಮೊದಲೇ ಇದ್ದ ನಾಲ್ಕು ಸ್ಕ್ರೂಗಳಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಹಿಂದೆ ಕೀಲು ಕೂರಿಸಿದರು. ಬ್ರೇಕ್ ಬೇಕಾದಾಗ ಹಿಂದಕ್ಕೆ ಎತ್ತಿದರಾಯಿತು. ಮೇಲೆ ಕರಿ ರೆಕ್ಸಿನ್, ಸೊಲ್ಯೂಷನ್ನಿನ ಘಾಟು. ಐದನೇ ದಿನ ಅದರ ಮೇಲೆ ಕೈ ಇಟ್ಟೆ. ಕೈ ಇಟ್ಟದ್ದೇ ಗೊತ್ತಾಗಲಿಲ್ಲ. ಗೇರಿನ ಗುಂಡು ತಾನಾಗಿ ಅಂಗೈಯೊಳಗೆ ಬಂದಿತ್ತು.

ಅಮಾವಾಸ್ಯೆಯ ಮುನ್ನಾದಿನ ಧೈರ್ಯ ಮಾಡಿ ಅಣ್ಣನನ್ನು ಕೇಳಿದೆ: ಸವದತ್ತಿ ಗುಡ್ಡ ಹತ್ತಿಸಿ ಕಟಕೋಳದ ಮೇಲೆ ರಾಮದುರ್ಗ ಮುಟ್ಟಿಸುತ್ತೇನೆ, ಆಗದಿದ್ದರೆ ಮಾರಿಬಿಡಿ. ಅವರು ಒಪ್ಪಿ ಬಂದು ಕುಳಿತರು. ಕುಳಿತವರು ಹೊಸ ಗಾದಿಯನ್ನು ಮುಟ್ಟಿ ನೋಡಿ, ಚಲೋ ಐತಿ ಅನ್ನುವ ಹಾಗೆ ತಲೆಯಾಡಿಸಿ, ತಮ್ಮ ಬಲಗೈಯನ್ನು ಅದರ ಮೇಲೆ ಆರಾಮಾಗಿ ಊರಿಬಿಟ್ಟರು.

ಇದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಅಣ್ಣನ ಕೈ ಇರುವ ಕಡೆ ನನ್ನ ಕೈ ಇಡುವುದುಂಟೆ? ನನ್ನ ಮೊಣಕೈ ಗಾಳಿಯಲ್ಲಿ ತೂಗುತ್ತಿತ್ತು. ಸವದತ್ತಿ ಬರುವ ಹೊತ್ತಿಗೆ ಭುಜದಲ್ಲಿ ಉರಿ ಶುರುವಾಯಿತು. ಏರು ಕಂಡಿತು. ಬೆರಳು ಮರಗಟ್ಟುತ್ತಿವೆ, ಕೈ ಇಡಬೇಕಾದ ಜಾಗ ಅಲ್ಲೇ ಇದೆ, ಹೇಳಲು ಬಾಯಿ ಬರುತ್ತಿಲ್ಲ. ಕಾರು ಏದುಸಿರು ಬಿಡುತ್ತ ನಿಧಾನವಾಯಿತು, ಇನ್ನೊಂದು ಕ್ಷಣಕ್ಕೆ ಗೇರು ಇಳಿಸಲೇಬೇಕು.

"ಅಣ್ಣಾ, ಕೈ ತಗೀರಿ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅಣ್ಣ ಕಾದ ಹಂಚು ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ಮೊಣಕೈ ಗಾದಿಯ ಮೇಲೆ ಕೂತಿತು, ಗೇರು ಬಿತ್ತು, ಕಾರು ಏರಿತು. ಗುಡ್ಡ ದಾಟಿದೆವು, ಕಟಕೋಳ ದಾಟಿದೆವು. ಅಣ್ಣ ರಾಮದುರ್ಗದಲ್ಲಿ ಇಳಿದು ಧೋತರದ ನೆರಿಗೆ ಸರಿಮಾಡಿಕೊಳ್ಳುತ್ತ, "ಈ ಕಡೆ ಖರೀದಿ ನೀನ ನೋಡಕೋ" ಅಂದರು.

ಮರುವಾರ ಕರದಂಟಿನ ಪೊಟ್ಟಣ ಹಿಡಿದು ಕಿತ್ತೂರಿಗೆ ಹೋದೆ. ಗುಡ್ಡ ಏರಿದ ಸುದ್ದಿಗೆ ಕಾಕಾ ಅಷ್ಟೇನೂ ಹಿಗ್ಗಲಿಲ್ಲ. ಅಣ್ಣ ಕೈ ಊರಿದ್ದನ್ನು ಹೇಳಿದಾಗ ಮಾತ್ರ ಸೂಜಿ ಕೆಳಗಿಟ್ಟರು. ಎಲ್ಲಿ ಊರಿದರು, ಮುಂದೋ ಹಿಂದೋ, ಭಾರ ಯಾವ ಬದಿಗೆ ಎಂದು ಬಿಡದೆ ಕೇಳಿದರು. ಆಮೇಲೆ ಹಣೆ ಬಡಿದುಕೊಂಡರು.

"ಎರಡ ಸೀಟಿನ ಗಾಡಿ, ನಾ ಒಬ್ಬಾವನ ಕೈ ಅಷ್ಟ ನೋಡಿದ್ನೆಲ್ಲೋ ತಮ್ಮಾ. ತಪ್ಪು ನಂದ ಐತಿ. ಅಣ್ಣಾರನ್ನ ಕರಕೊಂಡ ಬಾ, ಹಿಟ್ಟ ನಾದಸತೇನಿ. ಇಬ್ಬರಿಗೂ ಕೂಡೂವಂಗ ಮಾಡಿಕೊಡತೇನಿ."

ಹೂಂ ಅಂದೆ. ಸುಗ್ಗಿ ಬಂತು, ಓಡಾಟ ಬಂತು... ನೆಪ ಯಾಕೆ, ನನಗೆ ಆ ಗಾದಿ ಇದ್ದ ಹಾಗೆಯೇ ಸೇರಿತ್ತು. ಅದು ನನ್ನೊಬ್ಬನ ಜಾಗವಾಗಿತ್ತು. ಎರಡು ವರ್ಷದ ಮೇಲೆ ಒಮ್ಮೆ ಆ ದಾರಿಯಲ್ಲಿ ನಿಂತಾಗ ಚಪ್ಪರದಲ್ಲಿ ಟಯರಿನ ಅಂಗಡಿ ಇತ್ತು. ಕಾಕಾ ತೀರಿಕೊಂಡು ಆರು ತಿಂಗಳಾಗಿದೆ ಎಂದು ಅಂಗಡಿಯವರು ಹೇಳಿದರು. ಕಾಕೂ ಮಗಳ ಊರಿಗೆ ಹೋಗಿದ್ದರು. ಅಲ್ಲೇ ನಿಂತು ಒಂದು ಚಹಾ ಕುಡಿದು ಬಂದೆ.

ಕಾರು ಆಮೇಲೂ ನಾಲ್ಕು ವರ್ಷ ನನ್ನ ಹತ್ತಿರ ಇತ್ತು. ಈಗ ಅದಿಲ್ಲ. ಅಣ್ಣನೂ ಹೋಗಿ ಮೂರು ವರ್ಷವಾಯಿತು. ಸವದತ್ತಿಯ ಏರಿನಲ್ಲಿ ಈಗಲೂ ಒಬ್ಬನೇ ಹೋಗುತ್ತಿರುತ್ತೇನೆ. ಆ ಆರು ವರ್ಷದಲ್ಲಿ ಅಣ್ಣ ಎಷ್ಟು ಸಲ ನನ್ನ ಪಕ್ಕದಲ್ಲಿ ಕುಳಿತರೋ, ಎರಡೂ ಕೈಯನ್ನು ತೊಡೆಯ ಮೇಲೆ ಜೋಡಿಸಿಕೊಂಡೇ ಕುಳಿತರು. ರಾಮದುರ್ಗದಿಂದ ಮಧ್ಯಾಹ್ನ ಬರುವಾಗ ಅವರಿಗೆ ಜೊಂಪು ಹತ್ತುತ್ತಿತ್ತು. ನಿದ್ದೆಯಲ್ಲಿ ಬಲಗೈ ಮೆಲ್ಲಗೆ ಜಾರಿ ಗಾದಿಯ ಅಂಚಿಗೆ ಬಂದು ತಾಗುತ್ತಿತ್ತು. ತಾಗಿದ ಕೂಡಲೇ ಎಚ್ಚರಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಇರಲಿ ಬಿಡ್ರಿ ಅಣ್ಣಾ ಅನ್ನಬಹುದಿತ್ತು. ನಾನು ರಸ್ತೆ ನೋಡುತ್ತಿದ್ದೆ.