ಆಲ್ಗಾಲ್‌ನ ಪಾಳಿ

ಇಂಥವನ್ನು ನಾನು ನಂಬುವವಳಲ್ಲ. ಕಾನ್ವೆಂಟಿನಲ್ಲಿ ಓದುವಾಗ ಗೆಳತಿಯರು ದೆವ್ವದ ಮಾತು ತೆಗೆದರೆ ನಕ್ಕು ಎದ್ದುಹೋಗುತ್ತಿದ್ದೆ. ಈಗ ನಗಲಾರೆ, ಅಷ್ಟೇ.

ನಮ್ಮ ಮನೆಯವರು ಬೆಳಗಾವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅವರಿಗೆ ಆಲ್ಗಾಲ್ ಎಂಬ ನಕ್ಷತ್ರದ ಹುಚ್ಚು. ಕಣ್ಣಿಗೆ ಒಂದೇ ಚುಕ್ಕೆ, ನಿಜದಲ್ಲಿ ಜೋಡಿ. ಮಂದವಾದದ್ದು ಇನ್ನೊಂದರ ಮುಂದೆ ಬಂದಾಗ ಬೆಳಕು ಕುಗ್ಗುತ್ತದೆ, ಕೆಲವು ತಾಸಿನಲ್ಲಿ ಮರಳುತ್ತದೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಸುಕಾದ ಮೇಲೆ ಲೆಕ್ಕ ಅವರದು, ನೋಟ ನನ್ನದು. ಬಾಜುವಿನ ಚುಕ್ಕೆಗಳಿಗೆ ಹೋಲಿಸಿ ಅದರ ಬೆಳಕು ಎಷ್ಟೆಂದು ನಾನು ಹೇಳಬೇಕು. ಆದರೆ ಅದು ಯಾವಾಗ ಮಂಕಾಗುವುದೆಂದು ಮೊದಲೇ ತಿಳಿಸುತ್ತಿರಲಿಲ್ಲ. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದಂತೆ.

ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದೊಯ್ಯಿರಿ ಎಂದಾಗ ಅವರು ಕೇಳಿದ್ದು ಒಂದೇ, ಇನ್ನೊಂದು ಸಲ ಆಲ್ಗಾಲ್ ಕುಗ್ಗುವುದನ್ನು ಹಿಡಿಯಬೇಕು. ಬೆಳಗಾವಿಯಲ್ಲಿ ನಮ್ಮ ಮನೆಯಿದ್ದ ಟಿಳಕವಾಡಿಯ ದೀಪಗಳಲ್ಲಿ ಅದು ಆಗದ ಮಾತು. ಖಾನಾಪುರದ ನಾದಿನಿಯ ಮನೆಗೆ ಹೋದೆವು.

ಎರಡನೆಯ ಸಂಜೆ ಮಾಳಿಗೆಯ ಮೇಲೆ ಅವರನ್ನು ಕೂರಿಸಿ, ಮಂಕಿಟೋಪಿ ಸರಿಮಾಡಿ, ಕತ್ತೆತ್ತಿದೆ. ಮೋಡದ ಎಳೆಯೂ ಇರಲಿಲ್ಲ. ಆಲ್ಗಾಲ್ ಬಾಜುವಿನ ಸಣ್ಣ ಚುಕ್ಕೆಯಷ್ಟೇ ಆಗಿತ್ತು.

"ಬೆಳಕ ಇಳದದ ರೀ," ಎಂದೆ.

"ಇವತ್ತ ಅದರ ಪಾಳಿ ಅಲ್ಲ, ನಾಳಿ ಸಂಜಿಗಿ. ವರ್ಷಾನುಗಟ್ಟಲೆ ನೋಡಿದ್ರ ವ್ಯಾಳ್ಯಾ ಚೂರು ಹಿಂದ-ಮುಂದ ಸರೀತದ, ಖರೇ. ಒಂದ ದಿನಾ ಹೆಂಗ ಸರೀತದ?"

ಹಿಂದಿನ ಸಂಜೆ ನಾದಿನಿಗೂ ಅದನ್ನು ತೋರಿಸಿದ್ದೆ, ಅವಳನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಹೌದಲ್ಲ ಅಣ್ಣಾ, ನಿನ್ನಿಗಿಂತ ಸಣ್ಣಗ ಅದ."

ಅವರು ನಕ್ಕರು. "ಇಬ್ಬರೂ ಕೂಡಿ ಮಸಲತ್ತ ಮಾಡೀರಿ. ನಾಳಿತನಕಾ ನಾ ಉಳಿಯೂದಿಲ್ಲಂತ ಇವತ್ತ ತೋರಸಾಕತ್ತೀರಿ." ಆಮೇಲೆ ನನ್ನ ಕೈಹಿಡಿದು, "ಇದರಾಗರ ಸುಳ್ಳ ಹೇಳಬ್ಯಾಡ," ಎಂದರು.

ಕೊರಳ ಲಿಂಗ ಮುಟ್ಟಿ ಆಣೆ ಮಾಡಿದೆ. ತಲೆಯಾಡಿಸಿದರು, ನಂಬಿ ಅಲ್ಲ, ನನ್ನ ಸಮಾಧಾನಕ್ಕೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರು.

ಮಣ್ಣು ಮುಗಿದ ಸಂಜೆ, ಮನೆತುಂಬ ಜನರಿರುವಾಗ, ಒಬ್ಬಳೇ ಮಾಳಿಗೆ ಹತ್ತಿದೆ. ಅವರ ಕುರ್ಚಿ ಅಲ್ಲೇ ಇತ್ತು. ಆಲ್ಗಾಲ್ ಅವರು ಹೇಳಿದ ಹಾಗೆಯೇ ಮಂಕಾಯಿತು, ಹಿಂದಿನ ದಿನ ಏನೂ ಆಗಿಲ್ಲವೆಂಬಂತೆ.

ಕಾಲೇಜಿನ ಅವರ ಗೆಳೆಯರು, "ದುಃಖದಾಗ ಕಣ್ಣು ಹಂಗ ಮಾಡ್ತಾವ್ರೀ ವೈನಿ," ಎಂದರು. ಇರಬಹುದು. ನಾದಿನಿಯ ಕಣ್ಣೂ ಹಾಗೇ ಮಾಡಿತೇ?

ಚಳಿಗಾಲದಲ್ಲಿ ಈಗಲೂ ನೋಡುತ್ತೇನೆ. ಅದರ ಪಾಳಿ ನನಗೆ ಗೊತ್ತಾಗಿಹೋಗಿದೆ, ಇನ್ನು ನಾನು ಏನು ಕಂಡರೂ ಅವರ ಲೆಕ್ಕಕ್ಕೆ ಬಾರದು. ಏನೂ ಗೊತ್ತಿಲ್ಲದೆ ನೋಡಿದ ಕಡೆಯ ಸಂಜೆ, ಅವರು ಬಾಜುವಿಗೆ ಕೂತಿದ್ದ ಆ ಸಂಜೆಯೇ. ಅದನ್ನೂ ಅವರು ನಂಬಲಿಲ್ಲ.